ಕಂಠದಾನ

“ಮೇಡಂ, ದೀಪಿಕಾಗೆ ಆಗಿತ್ತಲ್ಲ, ಅದೇ ನಂಗೂ ಆಗಿದೆ ಅನ್ಸುತ್ತೆ.”

ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತಿದ್ದ ಹುಡುಗಿ ಇಷ್ಟು ಹೇಳಿ ನೆಲ ನೋಡಿದಳು. ದ್ವಿತೀಯ ಪಿಯುಸಿ, ಕಲಾ ವಿಭಾಗ. ದಿನಕ್ಕೆ ಎರಡೇ ಬಸ್ಸಿರುವ ಹಳ್ಳಿಯಿಂದ ಬರುವವಳು. ಮೂರು ವಾರದಿಂದ ತರಗತಿಗೆ ಬಂದರೂ ಬಂದ ಹಾಗಿರಲಿಲ್ಲ. ಹಾಜರಿ ಕೂಗಿದಾಗ ಪಕ್ಕದವಳು ತಿವಿದ ಮೇಲೆ “ಪ್ರೆಸೆಂಟ್” ಅನ್ನುತ್ತಿದ್ದಳು. ಯಾವ ದೀಪಿಕಾ ಎಂದು ಕೇಳಿದೆ. ಅವಳ ತರಗತಿಯಲ್ಲೇ ಆ ಹೆಸರಿನವರು ಇಬ್ಬರಿದ್ದರು. “ಇಲ್ಲಿಯವರಲ್ಲ ಮೇಡಂ, ಪಿಚ್ಚರ್‌ನವರು. ದೀಪಿಕಾ ಪಡುಕೋಣೆ.” ಆಮೇಲೆ ಒಂದೇ ಉಸಿರಿಗೆ ಹೇಳಿದಳು: “ಬೆಳಿಗ್ಗೆ ಎದ್ದ ಕೂಡ್ಲೇ ಹೊಟ್ಟೆ ಒಳಗೆ ಖಾಲಿ ಖಾಲಿ ಅನ್ಸುತ್ತೆ. ಹಸಿವಲ್ಲ. ಅಳು ಬರುತ್ತೆ, ಯಾಕೆ ಅಂತ ಗೊತ್ತಾಗಲ್ಲ. ಅವರೂ ಹಿಂಗೇ ಹೇಳಿದ್ರು, ಮೊಬೈಲಲ್ಲಿ ನೋಡ್ದೆ.”

ನಾನು ಕನ್ನಡ ಪಾಠ ಮಾಡುವವಳು. ಇಷ್ಟು ವರ್ಷಗಳಲ್ಲಿ ಹುಡುಗಿಯರು ಹತ್ತಿರ ಬಂದು ಹೇಳಿಕೊಂಡ ಮಾತುಗಳು ಬಾಯಿಪಾಠವಾಗಿವೆ: ಬೇಜಾರು, ಸಂಕಟ, ತಲೆನೋವು, ಎದೆ ಭಾರ, ಯಾಕೋ ಯಾವುದಕ್ಕೂ ಮನಸ್ಸಿಲ್ಲ. ಮನೆಯವರು ಇವಕ್ಕೆ ಬೇರೆ ಹೆಸರು ಇಟ್ಟುಕೊಂಡಿರುತ್ತಾರೆ: ಸೋಮಾರಿತನ, ಹಟ, ದೃಷ್ಟಿ, ಗಾಳಿ. ಪುಸ್ತಕದಲ್ಲಿ ಖಿನ್ನತೆ ಎಂಬ ಶಬ್ದವಿದೆ. ಆದರೆ ಒಬ್ಬ ಹುಡುಗಿಯೂ ತಾಯಿಯ ಮುಂದೆ ಕೂತು “ಅವ್ವಾ, ನಂಗೆ ಖಿನ್ನತೆ” ಅಂದದ್ದನ್ನು ನಾನು ಕೇಳಿಲ್ಲ. ಆ ಶಬ್ದ ಪತ್ರಿಕೆಯಿಂದ ಇಳಿದು ಅಡುಗೆಮನೆಯ ತನಕ ಬಂದಿಲ್ಲ. ಈ ಹುಡುಗಿ ಅದರ ಜಾಗದಲ್ಲಿ ಒಬ್ಬ ನಟಿಯ ಹೆಸರಿಟ್ಟು ತನ್ನ ಮಾತನ್ನು ಹೇಗೋ ದಡ ಸೇರಿಸಿದ್ದಳು.

ಅವತ್ತಿನಿಂದ ಆ ಹೆಸರು ನನ್ನನ್ನು ಬಿಟ್ಟಿಲ್ಲ. ಜಗತ್ತು ಕಂಡ ಮಾಡೆಲ್, ದೊಡ್ಡ ತಾರೆ, ಕೋಟಿಗಟ್ಟಲೆ ಸಂಪಾದನೆ. ಅಂಥವರ ಹೆಸರು ನಮ್ಮ ಬಯಲುಸೀಮೆಯ ಹುಡುಗಿಯೊಬ್ಬಳ ಹೊಟ್ಟೆಯ ಸಂಕಟಕ್ಕೆ ಶಬ್ದವಾಗಿ ಒದಗಿದ್ದು ಹೇಗೆ?

2006ರಲ್ಲಿ ಇಂದ್ರಜಿತ್ ಲಂಕೇಶ್ ನಿರ್ದೇಶನದ ‘ಐಶ್ವರ್ಯ’ ಬಂದಾಗ ನಾನು ಅದನ್ನು ಟಾಕೀಸಿನಲ್ಲಿ ನೋಡಿದ್ದೆ. ಉಪೇಂದ್ರರ ಸಿನಿಮಾ ಎಂದು ಹೋದವರೇ ಎಲ್ಲರೂ. ಹೊಸ ಹುಡುಗಿ ಎಷ್ಟು ಎತ್ತರ, ಪ್ರಕಾಶ್ ಪಡುಕೋಣೆಯವರ ಮಗಳಂತೆ ಎಂದು ಮಾತಾಡಿಕೊಂಡೆವು. ಆ ಸಿನಿಮಾದಲ್ಲಿ ಆಕೆಯ ಪಾತ್ರ ಆಡಿದ ಒಂದು ಮಾತೂ ಇವತ್ತು ನೆನಪಿಲ್ಲ. ಉಟ್ಟು ತೊಟ್ಟದ್ದು ನೆನಪಿದೆ, ನಡಿಗೆ ನೆನಪಿದೆ. ನನ್ನ ನೆನಪು ಹೀಗೆ ಆರಿಸಿ ಇಟ್ಟುಕೊಂಡದ್ದನ್ನು ಕಂಡು ಈಗ ನಾಚಿಕೆಯಾಗುತ್ತದೆ.

ಮಾಡೆಲ್ ಆದವರ ಕೆಲಸ ತುಟಿ ಬಿಚ್ಚದ ಕೆಲಸ. ದೀಪಿಕಾ ಹುಟ್ಟಿದ್ದು 1986ರ ಜನವರಿಯಲ್ಲಿ, ಕೋಪನ್‌ಹೇಗನ್‌ನಲ್ಲಿ, ಬೆಳೆದದ್ದು ಬೆಂಗಳೂರಿನಲ್ಲಿ. ಬೆಳಿಗ್ಗೆ ಐದಕ್ಕೆ ಎದ್ದು ಬ್ಯಾಡ್ಮಿಂಟನ್ ಆಡುತ್ತಿದ್ದ ಹುಡುಗಿ ಹತ್ತನೇ ತರಗತಿಯ ಹೊತ್ತಿಗೆ ರ‍್ಯಾಕೆಟ್ ಕೆಳಗಿಟ್ಟು ಮಾಡೆಲಿಂಗ್ ಕಡೆ ತಿರುಗಿದರು. ಲಿರಿಲ್ ಸೋಪು, ಕ್ಲೋಸಪ್ ಟೂತ್‌ಪೇಸ್ಟ್, 2005ರಲ್ಲಿ ಫ್ಯಾಷನ್ ವೀಕ್, 2006ರಲ್ಲಿ ಕಿಂಗ್‌ಫಿಷರ್ ಕ್ಯಾಲೆಂಡರ್. ಜಾಹೀರಾತಿನಲ್ಲಿ ನಗುವ ಮುಖ ಒಬ್ಬರದು, ಸಾಮಾನಿನ ಗುಣ ಹೇಳುವ ದನಿ ಇನ್ನೊಬ್ಬರದು. ರ‍್ಯಾಂಪಿನ ಮೇಲಂತೂ ಮುಖದಲ್ಲಿ ಯಾವ ಭಾವವೂ ಇರಬಾರದು, ಅಲ್ಲಿ ಕಾಣಬೇಕಾದದ್ದು ಬಟ್ಟೆ. ತಾನಿದ್ದೂ ಇಲ್ಲದ ಹಾಗೆ ನಡೆಯುವುದನ್ನು ದಿನಗಟ್ಟಲೆ ಅಭ್ಯಾಸ ಮಾಡಿ ಕಲಿಯುತ್ತಾರೆ.

ಇದು ನಮಗೆ ದೂರದ ಲೋಕ ಎಂದು ಮೊದಲು ಅಂದುಕೊಂಡಿದ್ದೆ. ಯೋಚಿಸಿದಷ್ಟೂ ಹತ್ತಿರ ಬಂತು. ಮದುವೆಗೆ ಮೊದಲು ನಾನು ನಾಲ್ಕು ಸಲ ಉಪ್ಪಿಟ್ಟಿನ ತಟ್ಟೆ ಹಿಡಿದು ನಡುಮನೆಗೆ ನಡೆದು ಬಂದಿದ್ದೇನೆ. ಬಾಗಿಲಿನಿಂದ ಚಾಪೆಯವರೆಗೆ ಹತ್ತು ಹೆಜ್ಜೆ. ಕಾಲು ನೆಟ್ಟಗಿದೆಯಾ, ಕಣ್ಣು ಸರಿಯಿದೆಯಾ, ಜಡೆ ತನ್ನದೇನಾ ಎಂದು ನೋಡುವವರ ಮುಂದೆ ಅಷ್ಟು ದೂರ ನಡೆಯಬೇಕು, ಕೂರಬೇಕು, ಕೇಳಿದರೆ ಒಂದು ದೇವರನಾಮ ಹಾಡಬೇಕು. ಹಾಡು ಬಿಟ್ಟರೆ ಬೇರೆ ಮಾತಿಲ್ಲ. ಹುಡುಗಿ ಏನು ಓದಿದ್ದಾಳೆ ಎಂದರೆ ಅಪ್ಪ ಹೇಳುತ್ತಿದ್ದರು, ಸ್ವಭಾವ ಹೇಗೆ ಎಂದರೆ ಸೋದರತ್ತೆ ಹೇಳುತ್ತಿದ್ದರು. ನಾನು ಪಕ್ಕದಲ್ಲೇ ಕೂತಿರುತ್ತಿದ್ದೆ. ನಮ್ಮ ಕಡೆಯ ಎಷ್ಟು ಹೆಂಗಸರು ಹತ್ತು ನಿಮಿಷದ ಮಟ್ಟಿಗಾದರೂ ಆ ಕೆಲಸ ಮಾಡಿಲ್ಲ? ಕ್ಯಾಮೆರಾ ಇರಲಿಲ್ಲ, ಅಷ್ಟೇ.

2007ರ ನವೆಂಬರಿನಲ್ಲಿ ಫರಾ ಖಾನ್ ಅವರ ‘ಓಂ ಶಾಂತಿ ಓಂ’ ಬಂತು. ದೀಪಿಕಾ ದೇಶಕ್ಕೆಲ್ಲ ಗೊತ್ತಾದದ್ದು ಅದರಿಂದ. ಕಥೆಯಲ್ಲಿ ಶಾಂತಿಪ್ರಿಯಾ ಎಂಬ ಎಪ್ಪತ್ತರ ದಶಕದ ತಾರೆ ಇದ್ದಾಳೆ. ಅವಳನ್ನು ಗುಟ್ಟಾಗಿ ಮದುವೆಯಾದ ನಿರ್ಮಾಪಕನೇ ಅವಳನ್ನು ಸಿನಿಮಾ ಸೆಟ್ಟಿನೊಳಗೆ ಬೆಂಕಿಗೆ ಕೊಡುತ್ತಾನೆ. ಮೂವತ್ತು ವರ್ಷದ ಮೇಲೆ ಅವಳನ್ನೇ ಹೋಲುವ ಇನ್ನೊಬ್ಬಳನ್ನು ಹುಡುಕಿ ತಂದು ಆ ಕೊಲೆಗಾರನ ಕಣ್ಣ ಮುಂದೆ ನಿಲ್ಲಿಸುತ್ತಾರೆ. ಈ ಎರಡನೆಯವಳಿಗೆ ನಟನೆ ಬಾರದು. ಅವಳಿಂದ ಯಾರಿಗೂ ಬೇಕಾದದ್ದು ನಟನೆಯಲ್ಲ, ಸತ್ತವಳ ಮುಖ. ಎರಡೂ ಪಾತ್ರ ದೀಪಿಕಾ ಅವರದೇ. ಆದರೆ ಆ ಸಿನಿಮಾದಲ್ಲಿ ನಾವು ಕೇಳುವ ದನಿ ಆಕೆಯದಲ್ಲ; ಮೋನಾ ಘೋಷ್ ಶೆಟ್ಟಿ ಅವರದು. ಹೊಸ ನಟಿಗೆ ಕೊಡುವ ಫಿಲ್ಮ್‌ಫೇರ್ ಪ್ರಶಸ್ತಿ ಆ ವರ್ಷ ದೀಪಿಕಾ ಅವರಿಗೇ ಬಂತು. ಕಣ್ಣಿಗೆ ಕಂಡ ಅರ್ಧ ಒಬ್ಬರದು, ಕಿವಿಗೆ ಬಿದ್ದ ಅರ್ಧ ಇನ್ನೊಬ್ಬರದು ಎಂಬುದು ನೋಡಿದವರಲ್ಲಿ ಎಷ್ಟೋ ಜನಕ್ಕೆ ಇವತ್ತಿಗೂ ಗೊತ್ತಿಲ್ಲ.

ಕನ್ನಡ ಸಿನಿಮಾದ ಟೈಟಲ್ ಕಾರ್ಡಿನಲ್ಲಿ ಈ ಕೆಲಸಕ್ಕೊಂದು ಶಬ್ದವಿದೆ: ಕಂಠದಾನ. ರಕ್ತದಾನ, ನೇತ್ರದಾನಗಳ ಸಾಲಿನಲ್ಲಿ ನಿಲ್ಲುವ ಈ ಶಬ್ದವನ್ನು ಕಟ್ಟಿದವರು ಯಾರೋ, ಅವರ ಮನಸ್ಸು ದೊಡ್ಡದು. ಗುಬ್ಬಿ ವೀರಣ್ಣನವರ ಮೊಮ್ಮಗಳು ಬಿ. ಜಯಶ್ರೀ, ರಂಗದ ಮೇಲೆ ನಿಂತರೆ ಮೈಕಿಲ್ಲದೆ ಕೊನೆಯ ಸಾಲಿಗೆ ಕೇಳಿಸುವ ಕಂಠದವರು, ಪರಭಾಷೆಯಿಂದ ಬಂದ ಎಷ್ಟೋ ನಾಯಕಿಯರಿಗೆ ತಮ್ಮ ದನಿ ಕೊಟ್ಟರು. ನಾವು ಆ ನಾಯಕಿಯರ ಅಳು ಕೇಳಿ ಅತ್ತಿದ್ದೇವೆ. ಅಳು ಯಾರದು ಎಂದು ಕೇಳಲಿಲ್ಲ. ನಾನು ಕಂಠದಾನವನ್ನು ಹಳಿಯುತ್ತಿಲ್ಲ. ಅದು ಕಲೆ, ಬೇರೆಯವರ ತುಟಿಯ ಅಳತೆಗೆ ತನ್ನ ಉಸಿರನ್ನು ಹೊಂದಿಸುವ ಕಷ್ಟದ ಕಲೆ. ನನ್ನನ್ನು ಕಾಡುವುದು ಎದುರು ದಡದವಳ ಸ್ಥಿತಿ. ತನ್ನ ತುಟಿ ಆಡುತ್ತಿದೆ, ಹೊರಗೆ ಬರುತ್ತಿರುವುದು ಬೇರೆಯವರ ಮಾತು. ಥಿಯೇಟರಿನಲ್ಲಿ ಕೂತು ಅದನ್ನು ತಾನೇ ಕೇಳುವಾಗ ಇಪ್ಪತ್ತೊಂದು ವರ್ಷದ ಹುಡುಗಿಗೆ ಹೇಗನಿಸಿರಬಹುದು?

ನನಗೆ ಗೊತ್ತಿರುವ ಹೋಲಿಕೆ ಒಂದೇ. ಮದುವೆಯಾದ ಹೊಸತರಲ್ಲಿ ಜ್ವರ ಬಂದು ಡಾಕ್ಟರ ಹತ್ತಿರ ಹೋದಾಗ ಅವರು ನನ್ನ ಕಡೆ ನೋಡಿ “ಏನಾಗ್ತಿದೆಯಮ್ಮಾ” ಎಂದರು. ಜೊತೆಗೆ ಬಂದಿದ್ದ ಹಿರಿಯರು ಉತ್ತರ ಹೇಳಿದರು. ಊಟ ಸೇರುತ್ತಿಲ್ಲ, ರಾತ್ರಿ ಹೊರಳಾಡುತ್ತಾಳೆ ಎಂದು ಎಲ್ಲ ಅವರೇ. ಸುಳ್ಳು ಹೇಳಲಿಲ್ಲ, ಪ್ರೀತಿಯಿಂದಲೇ ಹೇಳಿದರು. ನಾನು ನಾಲಿಗೆ ತೋರಿಸಿ ಎದ್ದು ಬಂದೆ. ಹೊರಗೆ ಬಂದ ಮೇಲೆ ನಿಜವಾಗಿ ಏನಾಗುತ್ತಿತ್ತು ಎನ್ನುವುದು ನನಗೇ ಮಸುಕಾಗಿತ್ತು.

ದೀಪಿಕಾ ಅವರಿಗಿಂತ ಒಂದು ತಲೆಮಾರು ಹಿಂದೆ ಪರ್ವೀನ್ ಬಾಬಿ ಇದ್ದರು. ಜುನಾಗಢದಿಂದ ಬಂದ ಮಾಡೆಲ್, 1973ರಲ್ಲಿ ‘ಚರಿತ್ರ’ದಿಂದ ಸಿನಿಮಾಕ್ಕೆ ಬಂದವರು. 1976ರ ಜುಲೈಯಲ್ಲಿ ಟೈಮ್ ಪತ್ರಿಕೆಯ ಮುಖಪುಟದಲ್ಲಿ ಕಾಣಿಸಿಕೊಂಡಾಗ ದೇಶವೇ ತಿರುಗಿ ನೋಡಿತ್ತು. ಕೆಲವೇ ವರ್ಷಗಳಲ್ಲಿ ಮನಸ್ಸಿನ ಕಾಯಿಲೆ ಹತ್ತಿತು. 1983ರಲ್ಲಿ ಒಪ್ಪಿಕೊಂಡ ಸಿನಿಮಾಗಳನ್ನು ಅರ್ಧಕ್ಕೆ ಬಿಟ್ಟು ದೇಶ ತೊರೆದರು, ಚಿಂತಕ ಯು. ಜಿ. ಕೃಷ್ಣಮೂರ್ತಿ ಅವರ ಸಹವಾಸದಲ್ಲಿ ನೆಮ್ಮದಿ ಹುಡುಕಿದರು, ವರ್ಷಗಳ ಮೇಲೆ ಮುಂಬೈಗೆ ಮರಳಿದರು. ಕಾಯಿಲೆಗೆ ಜನ ಒಂದು ಹೆಸರಿಟ್ಟರು, ಆಕೆ ಅದನ್ನು ಒಪ್ಪಲಿಲ್ಲ. ತನ್ನನ್ನು ಕೊಲ್ಲಲು ನೋಡುತ್ತಿದ್ದಾರೆ ಎಂದು ದೊಡ್ಡ ದೊಡ್ಡವರ ಮೇಲೆ ಆರೋಪ ಮಾಡಿದರು. ಪತ್ರಿಕೆಗಳಿಗೆ ಅದು ಸುಗ್ಗಿ. ಆಕೆಯ ಬದುಕನ್ನು ಹತ್ತಿರದಿಂದ ಕಂಡ ಮಹೇಶ್ ಭಟ್ 1982ರಲ್ಲಿ ‘ಅರ್ಥ್’ ಮಾಡಿದರು. ಒಳ್ಳೆಯ ಸಿನಿಮಾ, ನನಗೂ ಇಷ್ಟದ್ದು. ಆದರೆ ಅದು ಕಂಡವರು ಹೇಳಿದ ಕಥೆ. ಕಾಯಿಲೆ ಅನುಭವಿಸಿದವರ ಮಾತು ಅದರಲ್ಲಿಲ್ಲ. 2005ರ ಜನವರಿಯಲ್ಲಿ ಮುಂಬೈಯ ಫ್ಲ್ಯಾಟಿನ ಬಾಗಿಲಲ್ಲಿ ಹಾಲಿನ ಪೊಟ್ಟಣ, ಪತ್ರಿಕೆಗಳು ಹಾಗೇ ಬಿದ್ದಿದ್ದನ್ನು ಕಂಡು ಜನ ಪೊಲೀಸರನ್ನು ಕರೆಸಿದರು. ಒಳಗೆ ಆಕೆ ತೀರಿಕೊಂಡು ದಿನಗಳಾಗಿದ್ದವು. ಆಕೆಯ ಪರವಾಗಿ, ಆಕೆಯ ಬಗ್ಗೆ, ಆಕೆಗೆ ಬದಲಾಗಿ ಎಷ್ಟೆಲ್ಲ ಜನ ಮಾತಾಡಿದರು. ಆ ಬಾಗಿಲಿನ ಚಿತ್ರ ನೆನಪಾದಾಗಲೆಲ್ಲ ನನಗೆ ಕೇಳಿಸುವುದು ಆ ಮನೆಯ ನಿಶ್ಶಬ್ದ.

ಅದಾಗಿ ಹತ್ತು ವರ್ಷಕ್ಕೆ, 2015ರ ಆರಂಭದಲ್ಲಿ, ದೀಪಿಕಾ ತಮ್ಮ ಖಿನ್ನತೆಯ ಬಗ್ಗೆ ಮಾತಾಡಿದರು. ಕಾಲ ಬೇರೆ, ಕಾಯಿಲೆ ಬೇರೆ, ಹಿಂದೆ ನಿಂತ ಮನೆಯವರು ಬೇರೆ. ಹಾಗಿದ್ದೂ ಈ ಇಬ್ಬರನ್ನು ಪಕ್ಕಪಕ್ಕದಲ್ಲಿ ಇಟ್ಟು ನೋಡದೆ ನನಗೆ ಆ ಮಾತಿನ ಬೆಲೆ ತಿಳಿಯುವುದಿಲ್ಲ.

2013ರಲ್ಲಿ ದೀಪಿಕಾ ಅವರ ನಾಲ್ಕು ಹಿಂದಿ ಸಿನಿಮಾ ತೆರೆಕಂಡು ನಾಲ್ಕೂ ಗೆದ್ದಿದ್ದವು. ಗೋಡೆಗೋಡೆಯ ಮೇಲೆ ಆಕೆಯ ಮುಖ. ಮರುವರ್ಷ ಫೆಬ್ರವರಿಯ ಒಂದು ಬೆಳಿಗ್ಗೆ ಎದ್ದಾಗ ಹೊಟ್ಟೆಯೊಳಗೆ ಏನೋ ಖಾಲಿಯಾದ ಅನುಭವ, ಎಲ್ಲಿಗೆ ಹೋಗಬೇಕು ಏನು ಮಾಡಬೇಕು ಎಂದೇ ತಿಳಿಯದ ಸ್ಥಿತಿ. ಶೂಟಿಂಗಿಗೆ ಹೋಗುತ್ತಲೇ ಇದ್ದರು. ಬೆಂಗಳೂರಿನಿಂದ ಬಂದಿದ್ದ ಅಪ್ಪ ಅಮ್ಮ ವಾಪಸು ಹೊರಟಾಗ ತಡೆಯಲಾಗದೆ ಅತ್ತುಬಿಟ್ಟರು. ಕೆಲಸದ್ದಾ, ಪ್ರೀತಿಯದ್ದಾ ಎಂದು ತಾಯಿ ಉಜ್ಜಲಾ ಒಂದೊಂದೇ ಕೇಳಿದರು. ಯಾವುದೂ ಅಲ್ಲ. ಮಗಳು ಎಂದಿನ ಹಾಗೆ ಅಳುತ್ತಿಲ್ಲ, ಇದಕ್ಕೆ ವೈದ್ಯರು ಬೇಕು ಎಂದು ಗುರುತಿಸಿದ್ದು ಆ ತಾಯಿ. ಇದನ್ನು ದೀಪಿಕಾ ಅಲ್ಲಿಂದೀಚೆಗೆ ಹತ್ತಾರು ವೇದಿಕೆಗಳಲ್ಲಿ ಹೇಳಿದ್ದಾರೆ. ಕೇಳಿದಾಗಲೆಲ್ಲ ನನ್ನ ಮನಸ್ಸು ನಿಲ್ಲುವುದು ಈ ಒಂದು ಜಾಗದಲ್ಲಿ. ಇಡೀ ದೇಶ ಆ ಮುಖವನ್ನು ದಿನವೂ ನೋಡುತ್ತಿತ್ತು, ಯಾರಿಗೂ ಏನೂ ಕಾಣಲಿಲ್ಲ. ಒಬ್ಬರು ಕಿವಿಗೊಟ್ಟರು, ತಿಳಿಯಿತು.

ಅದೇ 2014ರ ಸೆಪ್ಟೆಂಬರಿನಲ್ಲಿ ದೊಡ್ಡ ಪತ್ರಿಕೆಯೊಂದು ಆಕೆಯ ಎದೆಯ ಸೀಳನ್ನು ತೋರಿಸುವ ಚಿತ್ರ ಹಾಕಿ ಚಪ್ಪರಿಸಿದಾಗ ಆಕೆ ಖಾರವಾಗಿ ಉತ್ತರ ಕೊಟ್ಟರು. ತಾನು ಹೆಂಗಸು, ತನಗೆ ಎದೆಯಿದೆ, ಅದರಲ್ಲಿ ನಿಮಗೇನು ತೊಂದರೆ ಎಂಬ ಅರ್ಥದ ಮಾತು. ಅವತ್ತು ಅದನ್ನು ಓದಿ ಸ್ಟಾಫ್ ರೂಮಿನಲ್ಲಿ ನಾವು ಮುಸಿಮುಸಿ ನಕ್ಕಿದ್ದೆವು. ಆ ತಿಂಗಳುಗಳಲ್ಲಿ ಆಕೆ ಕಾಯಿಲೆಯೊಡನೆ ಹೋರಾಡುತ್ತಿದ್ದರು ಎಂದು ಗೊತ್ತಾದದ್ದು ಆಮೇಲೆ. ಹಾಸಿಗೆಯಿಂದ ಏಳುವುದೇ ಕಷ್ಟವಾಗಿದ್ದ ವರ್ಷ ಹಾಗೆ ಉತ್ತರ ಕೊಡಲು ಎಷ್ಟು ಬಲ ಬೇಕು ಎಂದು ನಮಗಾರಿಗೂ ಹೊಳೆದಿರಲಿಲ್ಲ.

2015ರ ಮೇ ತಿಂಗಳಲ್ಲಿ ‘ಪೀಕೂ’ ಬಂತು. ಜೂಹಿ ಚತುರ್ವೇದಿ ಬರೆದದ್ದು, ಶೂಜಿತ್ ಸರ್ಕಾರ್ ನಿರ್ದೇಶಿಸಿದ್ದು. ಮಲಬದ್ಧತೆಯ ಚಿಂತೆಯಲ್ಲೇ ಮುಳುಗಿರುವ ಮುದಿ ಅಪ್ಪ, ಅವನನ್ನು ನೋಡಿಕೊಳ್ಳುವ ವಾಸ್ತುಶಿಲ್ಪಿ ಮಗಳು. ನಾನು ಅದನ್ನು ಹಲವು ಸಲ ನೋಡಿದ್ದೇನೆ. ಕೊನೆಯ ಸಲ ಬೇಕೆಂದೇ ಕಣ್ಣು ಮುಚ್ಚಿ ಕೇಳಿದೆ. ದೆಹಲಿಯ ಆ ಮನೆಯಲ್ಲಿ ಎಲ್ಲರೂ ಒಟ್ಟಿಗೆ ಮಾತಾಡುತ್ತಾರೆ, ಒಬ್ಬರ ಮಾತು ಇನ್ನೊಬ್ಬರ ಮೇಲೆ ಬೀಳುತ್ತದೆ. ಅದರ ನಡುವೆ ಪೀಕೂಳ ದನಿ: ಕೆಲಸಕ್ಕೆ ಹೊತ್ತಾಯಿತೆಂಬ ಅವಸರ, ಅಪ್ಪನ ಮೇಲೆ ಸಿಡುಕು, ಸಿಡುಕಿದ ಕೂಡಲೇ ಒಳಗೇ ಕರಗುವುದು, ಮತ್ತೆ ಸಿಡುಕು. ಹೊಳಪಿಲ್ಲ, ಇಂಪಿಲ್ಲ. ಮನೆಯಲ್ಲಿ ವಯಸ್ಸಾದವರನ್ನು ನೋಡಿಕೊಂಡ ಹೆಂಗಸರಿಗೆ ಈ ದಣಿದ ದನಿ ಗೊತ್ತು. ಅದರಲ್ಲಿ ತೂಕವಿತ್ತು. ಎಂಟು ವರ್ಷದ ಹಿಂದೆ ಆಕೆಗೆ ಬೇರೆಯವರ ಕಂಠ ಬೇಕು ಎಂದು ತೀರ್ಮಾನಿಸಿದವರು ಕಾಯದೆ ಹೋದದ್ದು ಈ ದನಿಗಾಗಿ.

ಆ ಪಾತ್ರಕ್ಕೆ ಫಿಲ್ಮ್‌ಫೇರ್ ಬಂದಾಗ, 2016ರ ಜನವರಿಯಲ್ಲಿ, ಆಕೆ ವೇದಿಕೆಯ ಮೇಲೆ ಅಪ್ಪ ಬರೆದ ಪತ್ರವನ್ನು ಓದಿದರು. ಪ್ರಕಾಶ್ ಪಡುಕೋಣೆ 1980ರಲ್ಲಿ ಆಲ್ ಇಂಗ್ಲೆಂಡ್ ಬ್ಯಾಡ್ಮಿಂಟನ್ ಟೂರ್ನಿ ಗೆದ್ದವರು. ಕುಂದಾಪುರ ಕಡೆಯ ಪಡುಕೋಣೆಯ ಮನೆತನ. ಮಲ್ಲೇಶ್ವರದ ಕೆನರಾ ಯೂನಿಯನ್ನಿನ ಮದುವೆ ಹಾಲಿನಲ್ಲಿ, ಮದುವೆ ಇಲ್ಲದ ದಿನ ನೋಡಿಕೊಂಡು ಆಟ ಕಲಿತದ್ದನ್ನು ಅವರು ಮಕ್ಕಳಿಗೆ ಆ ಪತ್ರದಲ್ಲಿ ಹೇಳಿದ್ದಾರೆ. ಓದುತ್ತಾ ಮಗಳ ಗಂಟಲು ಕಟ್ಟಿತು, ನಿಲ್ಲಿಸಿದರು, ಮತ್ತೆ ಓದಿದರು. ಅಪ್ಪನ ಮಾತು, ಮಗಳ ಕಂಠ. ಅದೂ ಒಂದು ಕಂಠದಾನವೇ. ಈ ಸಲ ಕೊಡುವ ಜಾಗದಲ್ಲಿ ಆಕೆ ಇದ್ದರು.

ಆಮೇಲಿನ ವರ್ಷಗಳು ಬೇರೆ ಥರ ಕಠಿಣವಾಗಿದ್ದವು. ‘ಪದ್ಮಾವತ್’ ಬಿಡುಗಡೆಗೆ ಮುಂಚೆ, 2017ರಲ್ಲಿ, ಸಿನಿಮಾವನ್ನು ವಿರೋಧಿಸಿದವರು ಆಕೆಯ ಮೂಗು ಕೊಯ್ಯುತ್ತೇವೆ ಎಂದು ಬೆದರಿಸಿದರು, ತಲೆಗೆ ಬೆಲೆ ಕಟ್ಟಿದರು. ‘ಘೂಮರ್’ ಹಾಡಿನಲ್ಲಿ ಕಾಣುತ್ತಿದ್ದ ಸೊಂಟವನ್ನು ಕಂಪ್ಯೂಟರಿನಲ್ಲಿ ಬಟ್ಟೆ ಬಿಡಿಸಿ ಮುಚ್ಚಿದ ಮೇಲೆ ಸಿನಿಮಾ ತೆರೆಗೆ ಬಂತು. ಮೂಗು ಕೊಯ್ಯುವುದು ರಾಮಾಯಣದಷ್ಟು ಹಳೆಯ ಶಿಕ್ಷೆ. ಹೆಣ್ಣು ಅಂಕೆ ಮೀರಿದಳು ಅನ್ನಿಸಿದಾಗ ಕೈ ಮೊದಲು ಹೋಗುವುದು ಅವಳ ಮುಖದ ಕಡೆಗೆ. ಆಸಿಡ್ ಎರಚುವವರ ತರ್ಕವೂ ಅದೇ. ಹಾಗಾಗಿ 2020ರ ‘ಛಪಾಕ್’ ನನಗೆ ಬೇರೆಲ್ಲ ಸಿನಿಮಾಗಳಿಗಿಂತ ಮುಖ್ಯ. ಹದಿಹರೆಯದಲ್ಲಿ ಆಸಿಡ್ ದಾಳಿಗೆ ಒಳಗಾಗಿ, ಸುಪ್ರೀಂ ಕೋರ್ಟಿನ ತನಕ ಹೋದ ಲಕ್ಷ್ಮೀ ಅಗರ್‌ವಾಲ್ ಅವರ ಬದುಕನ್ನು ಆಧರಿಸಿದ ಕಥೆ. ಆಸಿಡ್ ಮಾರಾಟಕ್ಕೆ ಕೋರ್ಟ್ 2013ರಲ್ಲಿ ಕಡಿವಾಣ ಹಾಕಿದ್ದು ಅವರ ಅರ್ಜಿಯಿಂದ. ಮುಖವನ್ನೇ ಬಂಡವಾಳ ಮಾಡಿಕೊಂಡು ಮೇಲೆ ಬಂದ ನಟಿ ಆ ಮುಖವನ್ನು ಕೃತಕ ಚರ್ಮದಿಂದ ಸುಟ್ಟ ಗಾಯವಾಗಿಸಿ ಇಡೀ ಸಿನಿಮಾ ನಡೆಸಿದರು, ನಿರ್ಮಾಣದಲ್ಲಿ ಹಣವನ್ನೂ ಹಾಕಿದರು. ಅದರಲ್ಲಿ ಆಕೆಯ ಬಳಿ ಉಳಿದದ್ದು ಕಣ್ಣು ಮತ್ತು ದನಿ.

ಆ ಸಿನಿಮಾ ಬಿಡುಗಡೆಗೆ ಮೂರು ದಿನ ಮುಂಚೆ ಆಕೆ ದೆಹಲಿಯ ಜೆಎನ್‌ಯುಗೆ ಹೋಗಿ ಅಲ್ಲಿನ ಹಲ್ಲೆಯಲ್ಲಿ ಪೆಟ್ಟು ತಿಂದ ವಿದ್ಯಾರ್ಥಿಗಳ ಪಕ್ಕ ನಿಂತರು. ಒಂದು ಮಾತೂ ಆಡಲಿಲ್ಲ. ಸಿನಿಮಾ ಬಹಿಷ್ಕರಿಸಿ ಎಂಬ ಕೂಗು ಎದ್ದಿತು. ಆಕೆ ಮಾತಾಡಬೇಕಿತ್ತು ಎಂದವರಿದ್ದರು, ಹೋಗಲೇಬಾರದಿತ್ತು ಎಂದವರಿದ್ದರು. ನನಗೆ ತಿಳಿದ ಮಟ್ಟಿಗೆ, ರ‍್ಯಾಂಪಿನ ಮೇಲಿನ ಮೌನವೂ ಇದೂ ಒಂದೇ ಜಾತಿಯವಲ್ಲ. ಅಲ್ಲಿ ತನ್ನ ಇರವನ್ನು ಅಳಿಸಿಕೊಳ್ಳಲು ಸುಮ್ಮನಿರಬೇಕು. ಇಲ್ಲಿ ಮಾತು ಬೇರೆಯವರದಾಗಿತ್ತು, ತನ್ನ ಇರವನ್ನು ಮಾತ್ರ ಕೊಟ್ಟು ಬಂದರು.

ಇಷ್ಟು ಬರೆದು ನನ್ನೊಳಗಿನ ತಕರಾರನ್ನು ಮುಚ್ಚಿಟ್ಟರೆ ತಪ್ಪಾಗುತ್ತದೆ. ನಮ್ಮ ಹುಡುಗಿಯರು ಕನ್ನಡಿಯ ಮುಂದೆ ನಿಂತು ಮೂಗು ದಪ್ಪ, ಮೈ ಕಪ್ಪು ಎಂದು ಕೊರಗುವುದನ್ನು ಯಾರು ಕಲಿಸಿದರು? ಸೋಪು, ಕ್ರೀಮು, ಕ್ಯಾಲೆಂಡರುಗಳ ಆ ನುಣುಪು ಮುಖಗಳೇ ಅಲ್ಲವೆ? ದೀಪಿಕಾ ಆ ಲೋಕವನ್ನು ಬಿಟ್ಟು ಬಂದವರಲ್ಲ. 2022ರಲ್ಲಿ ಚರ್ಮದ ಆರೈಕೆಯ ಸಾಮಾನು ಮಾರುವ ತಮ್ಮದೇ ಕಂಪನಿ ತೆರೆದರು. ಕೊರಗನ್ನು ಹುಟ್ಟಿಸುವ ಲೋಕದ ಮುಖವೂ ಅವರದೇ, ಕೊರಗಿದವರಿಗೆ ಮಾತು ಕೊಟ್ಟ ಕಂಠವೂ ಅವರದೇ. ಈ ಗಂಟನ್ನು ಬಿಚ್ಚಲು ನನಗೆ ಆಗಿಲ್ಲ. ಇನ್ನೂ ಒಂದಿದೆ. ಅಷ್ಟು ಪ್ರಸಿದ್ಧವಾದ ಮುಖ ಇಲ್ಲದಿದ್ದರೆ ಆ ಮಾತನ್ನು ನಾವು ಕೇಳುತ್ತಿದ್ದೆವಾ? ನಮ್ಮ ಬೀದಿಯಲ್ಲೇ, ನಮ್ಮ ಮನೆಯಲ್ಲೇ ಅದೇ ಮಾತನ್ನು ಎಷ್ಟೋ ಜನ ಹೇಳಿದ್ದರು. ಕೇಳಿಸಿಕೊಳ್ಳಲು ನಮಗೊಬ್ಬ ತಾರೆ ಬೇಕಾಯಿತು.

“ದುಡ್ಡಿದ್ದೋರ ಕಾಯಿಲೆ ಕಣ್ರೀ ಅದು, ನಮ್ಮ ಹುಡುಗೀರಿಗೆ ಯಾಕೆ ಬರುತ್ತೆ” ಎಂದು ಸಹೋದ್ಯೋಗಿಯೊಬ್ಬರು ಅಂದರು. ನಿಮ್ಹಾನ್ಸ್ 2015–16ರಲ್ಲಿ ಹನ್ನೆರಡು ರಾಜ್ಯಗಳಲ್ಲಿ ನಡೆಸಿದ ರಾಷ್ಟ್ರೀಯ ಸಮೀಕ್ಷೆ ನೋಡಿದರೆ ಆ ಮಾತು ನಿಲ್ಲುವುದಿಲ್ಲ. ವಯಸ್ಕರಲ್ಲಿ ಶೇ 10.6ರಷ್ಟು ಮಂದಿಗೆ ಯಾವುದಾದರೊಂದು ಮನಸ್ಸಿನ ಕಾಯಿಲೆ ಇ‍ದೆ. ಕಾಯಿಲೆಯ ಬಗೆಯನ್ನು ನೋಡಿಕೊಂಡು ಶೇ 70ರಿಂದ 92ರಷ್ಟು ಮಂದಿಗೆ ಚಿಕಿತ್ಸೆ ಸಿಕ್ಕಿಲ್ಲ. ಅವರೆಲ್ಲ ಶ್ರೀಮಂತರಾಗಿರಲು ಸಾಧ್ಯವಿಲ್ಲ. ದೀಪಿಕಾ 2015ರಲ್ಲಿ ಕಟ್ಟಿದ ‘ಲಿವ್ ಲವ್ ಲಾಫ್’ ಸಂಸ್ಥೆ ಹಳ್ಳಿಗಳಲ್ಲಿ ಕೆಲಸ ಶುರು ಮಾಡಿದಾಗ ಮೊದಲು ಆರಿಸಿಕೊಂಡದ್ದು ನಮ್ಮ ದಾವಣಗೆರೆ ಜಿಲ್ಲೆಯನ್ನು. ಸರ್ಕಾರದ ‘ಮನೋಚೈತನ್ಯ’ ಯೋಜನೆಯಲ್ಲಿ ತಾಲ್ಲೂಕು ಆಸ್ಪತ್ರೆಗಳಿಗೆ ಮಂಗಳವಾರ ಮನೋವೈದ್ಯರು ಬರುತ್ತಾರೆ. 14416ಕ್ಕೆ ಫೋನು ಮಾಡಿದರೆ ಟೆಲಿ-ಮಾನಸ್‌ನಲ್ಲಿ ಕನ್ನಡದಲ್ಲೇ ಮಾತಾಡಬಹುದು. ಇವೆಲ್ಲ ಇದ್ದದ್ದು ನನಗೂ ಆ ಹುಡುಗಿ ಬಾಗಿಲಲ್ಲಿ ಬಂದು ನಿಲ್ಲುವ ತನಕ ಗೊತ್ತಿರಲಿಲ್ಲ.

ಮಂಗಳವಾರ ಅವಳ ಜೊತೆ ನಾನೂ ಹೋದೆ. ಅವಳ ತಾಯಿ ಬೆಳಗಿನ ಬಸ್ಸಿಗೆ ಬಂದಿದ್ದರು, ತಲೆತುಂಬ ಸೆರಗು, ಕೈಯಲ್ಲಿ ಬಟ್ಟೆಯ ಚೀಲ. “ಓದಿ ಓದಿ ಹಿಂಗಾಗೈತೆ, ದೇವರಿಗೆ ಹರಕೆ ಹೊತ್ತೀವಿ ಮೇಡಂ” ಎಂದು ಬೆಂಚಿನ ಮೇಲೆ ಕೂತಷ್ಟು ಹೊತ್ತೂ ಹೇಳುತ್ತಿದ್ದರು. ಸರದಿ ಬಂತು. ಮೂವರೂ ಒಳಗೆ ಹೋದೆವು.

ಡಾಕ್ಟರು ಹುಡುಗಿಯ ಕಡೆ ತಿರುಗಿ, “ಹೇಳಮ್ಮ, ಹೇಗಿರುತ್ತೆ ನಿಂಗೆ?” ಎಂದರು.

ಅವಳು ತಾಯಿಯ ಮುಖ ನೋಡಿದಳು. ತಾಯಿ ಶುರು ಮಾಡಿದರು. “ರಾತ್ರಿ ನಿದ್ದೆ ಹತ್ತಲ್ಲ ಸಾರ್. ಮೂರಕ್ಕೇ ಎಚ್ಚರ. ಮಾಡಿನ ಹಂಚು ಎಣಿಸ್ಕಂಡು ಮಲಗಿರೋದು. ಎದ್ರೆ ಹೊಟ್ಟೆಗೆ ಏನೂ ಇಲ್ಲದ ಹಂಗೆ. ಯಾರಾದ್ರೂ ಮಾತಾಡ್ಸಿದ್ರೆ ದೂರದಿಂದ ಕೂಗ್ದಂಗೆ ಕೇಳುಸ್ತೈತೆ. ಹಾಲು ಕರೀತಾ ಕರೀತಾ ಕೈ ನಿಂತೋಗುತ್ತೆ, ಕಣ್ಣಾಗೆ ನೀರು ಬರ್ತೈತೆ, ಎಮ್ಮೆ ತಿರುಗಿ ನೋಡುತ್ತೆ—”

“ಅವ್ವಾ,” ಅಂದಳು ಹುಡುಗಿ. “ನಾನು ಹಾಲು ಕರೆಯಲ್ಲ.”

ತಾಯಿ ಸುಮ್ಮನಾದರು. ಮೇಲೆ ಫ್ಯಾನು ತಿರುಗುತ್ತಿತ್ತು. ಡಾಕ್ಟರು ಬರೆಯುವುದನ್ನು ನಿಲ್ಲಿಸಿ ಕುರ್ಚಿಯನ್ನು ಸ್ವಲ್ಪ ತಾಯಿಯ ಕಡೆಗೆ ಸರಿಸಿಕೊಂಡರು.

“ಎಷ್ಟು ದಿನದಿಂದಮ್ಮಾ?”

ಅವರು ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡು, ಬಿಚ್ಚಿ, ಮತ್ತೆ ಸುತ್ತಿಕೊಂಡರು.

“ಇವಳು ಹುಟ್ಟಿದಾಗಿಂದ, ಸಾರ್.”

ನಾನು ಎದ್ದು ಹೊರಗೆ ಬಂದು ಬಾಗಿಲು ಎಳೆದುಕೊಂಡೆ.